ಶೀತಜಲದಲ್ಲಿ ಮುಳುಗುಗಾರನ ತಲೆ, ಕೈ, ಕಾಲುಗಳ ಉಷ್ಣರಕ್ಷಣೆ

ಉಸಿರಾಟದ ಉಪಕರಣವನ್ನು ಹೊತ್ತು ಶೀತಜಲದಲ್ಲಿ ಮುಳುಗುವವನ ಬೆರಳುಗಳು ಮರಗಟ್ಟುವುದು ಕೇವಲ ಅಸೌಖ್ಯದ ವಿಷಯವಲ್ಲ. ಸೊಂಟದ ಸೀಸದ ಭಾರವನ್ನು ಕಳಚುವ ಕೊಂಡಿಯೂ ವಾಯುವಿನ ಕವಾಟವೂ ಬೆರಳುಗಳ ಅಧೀನದಲ್ಲಿವೆ. ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅವುಗಳ ಚಾತುರ್ಯ ಬಹಳವಾಗಿ ಕುಂದುತ್ತದೆ. ಆದುದರಿಂದ ಇದು ಪ್ರಾಣರಕ್ಷಣೆಯ ಪ್ರಶ್ನೆಯೆಂದೇ ನಾವು ಭಾವಿಸಬೇಕು.

ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 25 ಪಟ್ಟು ಹೆಚ್ಚು. ದೇಹವು ತಣ್ಣಗಾಗತೊಡಗಿದೊಡನೆ ಕೈಕಾಲುಗಳ ರಕ್ತನಾಳಗಳು ಸಂಕುಚಿತವಾಗುತ್ತವೆ. ಇದರಿಂದ ಒಳಗಿನ ಅಂಗಗಳ ಶಾಖವು ಉಳಿಯುತ್ತದೆ, ಆದರೆ ತುದಿಗಳು ತಂಪಾಗುತ್ತವೆ. ಬೆರಳುಗಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಮೊಣಕೈಗೂ ಮಣಿಕಟ್ಟಿಗೂ ನಡುವೆ ಇವೆ. ಬೆರಳುಗಳಲ್ಲಿಯೇ ಶಾಖೋತ್ಪತ್ತಿ ಅತ್ಯಲ್ಪ. ಅವುಗಳಿಗೆ ಬೇಕಾದ ಶಾಖವು ರಕ್ತದೊಡನೆಯೇ ಬರಬೇಕು. ಕೈಚೀಲವು ಬಂದ ಶಾಖವನ್ನು ಕಾಯಬಲ್ಲುದೇ ಹೊರತು ಶಾಖವನ್ನು ಹುಟ್ಟಿಸಲಾರದು. ಮುಂಡವು ತಣ್ಣಗಿದ್ದರೆ ಎಷ್ಟು ದಪ್ಪನಾದ ಕೈಚೀಲವೂ ನಿಷ್ಪ್ರಯೋಜಕ.

1952ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ರೂಪಿಸಿದ ತೇವದ ಉಡುಪಿನ ತತ್ತ್ವವನ್ನು ಇಲ್ಲಿ ಗಮನಿಸಬೇಕು. ಒಳಸೇರಿದ ನೀರೇ ಬೆಚ್ಚಗಿಡುತ್ತದೆಂಬ ಭಾವನೆ ಸರಿಯಲ್ಲ. ರಬ್ಬರಿನಂತಹ ನಿಯೋಪ್ರೀನ್ ವಸ್ತುವಿನಲ್ಲಿ ಸೆರೆಯಾದ ಅನಿಲದ ಗುಳ್ಳೆಗಳೇ ನಿಜವಾದ ತಡೆ. ಒಳಗಿನ ನೀರು ಹೊರಗಿನದರೊಡನೆ ಬದಲಾಗದಂತಿದ್ದರೆ ಸಾಕು. ಆದರೆ 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿದ್ದುದರ ಇಮ್ಮಡಿಯಾಗುವುದರಿಂದ, ಬಾಯ್ಲನ ನಿಯಮದಂತೆ ಗುಳ್ಳೆಗಳು ಕುಗ್ಗುತ್ತವೆ. ಉಡುಪು ತೆಳುವಾಗಿ ಅದರ ರಕ್ಷಣೆಯೂ ತಗ್ಗುತ್ತದೆ.

ಬೆರಳು ಸಣ್ಣ ಕಂಬದಂತಹುದು. ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಅಧಿಕ. ಹೊದಿಕೆಯನ್ನು ದಪ್ಪಮಾಡಿದಷ್ಟೂ ಶಾಖ ಕಳೆದುಕೊಳ್ಳುವ ಹೊರಮೈ ಹಿಗ್ಗುವುದರಿಂದ ಲಾಭವು ಕ್ರಮೇಣ ಕಡಿಮೆಯಾಗುತ್ತದೆ. ಎರಡು ಮೂರು ಬೆರಳುಗಳನ್ನು ಒಂದೇ ಕೋಶದಲ್ಲಿಡುವ ಕೈಚೀಲವು ಹೆಚ್ಚು ಬೆಚ್ಚಗಿರಲು ಇದೇ ಕಾರಣ. ಆದರೆ ಅದರಿಂದ ಕೈಯ ಕೌಶಲ ಸ್ವಲ್ಪ ಕಡಿಮೆಯಾಗುತ್ತದೆ. ಕೈಚೀಲವಾಗಲಿ ಪಾದರಕ್ಷೆಯಾಗಲಿ ಬಿಗಿಯಾಗಿ ರಕ್ತಸಂಚಾರವನ್ನು ತಡೆಯಬಾರದು. ಸಡಿಲವಾಗಿ ನೀರಿನ ಹರಿವಿಗೆ ಎಡೆಗೊಡಲೂ ಬಾರದು.

ತಲೆಯ ವಿಚಾರ ಬೇರೆ. ನೆತ್ತಿಯ ರಕ್ತನಾಳಗಳು ಬೆರಳಿನವುಗಳಂತೆ ಸಂಕುಚಿತವಾಗುವುದಿಲ್ಲ. ಹೊದಿಕೆಯಿಲ್ಲದ ತಲೆಯಿಂದ ಶಾಖವು ಎಡೆಬಿಡದೆ ಸೋರುತ್ತದೆ. ದೇಹದ ಶಾಖದಲ್ಲಿ ಅರ್ಧವು ತಲೆಯಿಂದಲೇ ಹೋಗುತ್ತದೆಂಬ ಪ್ರಚಲಿತ ಮಾತು ಅತಿಶಯೋಕ್ತಿಯಾದರೂ, ತಲೆಗವಸನ್ನು ಬಿಡುವಂತಿಲ್ಲ. ಒಂದು ಕಿವಿಗೆ ಮಾತ್ರ ತಣ್ಣೀರು ನುಗ್ಗಿದರೆ ತಲೆಸುತ್ತು ಬರಬಹುದು. ಗವಸು ಈ ಅಪಾಯವನ್ನೂ ತಗ್ಗಿಸುತ್ತದೆ.

ಹೀಗೆ ವಿವೇಚಿಸಿದಾಗ, ಬೆರಳು ತಣ್ಣಗಾದಾಗ ಕೈಚೀಲವನ್ನಷ್ಟೇ ಬದಲಿಸುವುದು ಸಾಲದೆಂಬುದು ಸ್ಪಷ್ಟವಾಗುತ್ತದೆ. ಮುಂಡ ಮತ್ತು ತಲೆಗಳ ರಕ್ಷಣೆಯನ್ನು ಮೊದಲು ಪರೀಕ್ಷಿಸಬೇಕು. ಬೆರಳುಗಳು ಕೊಂಡಿಯನ್ನು ಹಿಡಿಯಲಾರವೆನಿಸುವ ಮುನ್ನವೇ ಮೇಲಕ್ಕೆ ಬರುವುದು ವಿವೇಕ.