ಕಡತದಿಂದ ಕಡತಕ್ಕೆ: ಟಿಪ್ಪಣಿ ತಂತ್ರಾಂಶದ ಆಯ್ಕೆ

ಸ್ವಂತ ಟಿಪ್ಪಣಿಗಳನ್ನು ಬರೆದಿಡಲು ಯಾವ ತಂತ್ರಾಂಶ ಒಳ್ಳೆಯದು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸೌಲಭ್ಯಗಳ ಪಟ್ಟಿಯೇ ಉತ್ತರವಾಗಿ ಬರುತ್ತದೆ. ಆದರೆ ಟಿಪ್ಪಣಿಯ ಬೆಲೆ ತಿಳಿಯುವುದು ವರ್ಷಗಳ ಅನಂತರ ಅದನ್ನು ಹುಡುಕಿದ ದಿನವಾದ್ದರಿಂದ, ಬರೆದದ್ದು ಯಾವ ರೂಪದಲ್ಲಿ ಉಳಿಯುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ವಾಸವಾಗಿದ್ದು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದ ಮನೆಯಲ್ಲಿ ಅವರ ಪುಸ್ತಕ, ಛಾಯಾಚಿತ್ರಗಳನ್ನು ನೋಡಲು ಕಣ್ಣಿದ್ದರೆ ಸಾಕು. ಡಿಜಿಟಲ್ ಟಿಪ್ಪಣಿಗಾದರೋ ಅದನ್ನು ಬಿಡಿಸಿ ತೋರಿಸುವ ತಂತ್ರಾಂಶವೂ ಉಳಿದಿರಬೇಕು.

ಕಂಪ್ಯೂಟರಿನ ಫೈಲಿಗೆ ಇಂದು ಬಳಸುವ ‘ಕಡತ’ ಎಂಬ ಮಾತು ಮೂಲತಃ ಈ ನಾಡಿನ ಲೆಕ್ಕಪತ್ರದ ಬಟ್ಟೆಪುಸ್ತಕದ ಹೆಸರು. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ, ಬಟ್ಟೆಯ ಎರಡೂ ಮಗ್ಗುಲಿಗೆ ಬಳಿದು ಒಣಗಿಸಿ, ಹಿಂದುಮುಂದಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಕಡತವನ್ನು ವರ್ಣಿಸುತ್ತ, ಅದರ ಉದ್ದ 12ರಿಂದ 18 ಅಡಿ ಇರುತ್ತಿತ್ತೆಂದೂ ಸ್ಲೇಟಿನಂತೆ ಅಳಿಸಿ ಮತ್ತೆ ಬರೆಯಬಹುದಿತ್ತೆಂದೂ ತಿಳಿಸಿದ್ದಾನೆ. ತಿದ್ದಲು ಇಷ್ಟು ಸುಲಭವಾಗಿದ್ದೂ ಅಕ್ಷರ ಬಲ್ಲವರೆಲ್ಲರೂ ಓದಬಹುದಾಗಿದ್ದ ಈ ಗುಣಗಳ ಜೋಡಿಯೇ ಒಳ್ಳೆಯ ಟಿಪ್ಪಣಿ ಸಾಧನದ ಲಕ್ಷಣ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿದ ಅರ್ಥಶಾಸ್ತ್ರದ ತಾಳೆಗರಿಗಳನ್ನು ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತರಲು ಸಾಧ್ಯವಾದದ್ದು, ಅದರ ಗ್ರಂಥಲಿಪಿಯನ್ನು ಬಲ್ಲವರು ಆಗಲೂ ಇದ್ದುದರಿಂದ.

ಕಂಪ್ಯೂಟರಿನಲ್ಲಿ ಲಿಪಿಯ ಸ್ಥಾನವನ್ನು ಸಂಕೇತೀಕರಣ, ಎಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡುವ ಏರ್ಪಾಡು, ವಹಿಸುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರಗಳನ್ನು ಜೋಡಿಸಿದ್ದರಿಂದ, ಆ ಫಾಂಟ್ ಇಲ್ಲದ ಕಡೆ ಬರಹವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. 1991ರಲ್ಲಿ ಮೊದಲ ಆವೃತ್ತಿ ಹೊರಬಂದ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಪಂಕ್ತಿಯನ್ನೇ ಕೊಟ್ಟಿದೆ. ‘ಕನ್ನಡ’ ಎಂಬ ಪದ ಅಲ್ಲಿ ಕ, ನ, ವಿರಾಮಚಿಹ್ನೆಯಾದ ಹಲಂತ, ಮತ್ತೆ ನ, ಡ ಎಂಬ ಐದು ಸಂಖ್ಯೆಗಳಾಗಿ ದಾಖಲಾಗುತ್ತದೆ. ಒತ್ತಕ್ಷರವನ್ನು ಕಟ್ಟುವ ಕೆಲಸ ಮಾತ್ರ ಫಾಂಟಿನದು. ಫಾಂಟ್ ಬದಲಾದರೂ ಪದ ಕೆಡದಿರುವುದಕ್ಕೂ, ಹುಡುಕಿದಾಗ ಸಿಗುವುದಕ್ಕೂ ಇದೇ ಕಾರಣ.

ಎರಡನೆಯ ಪ್ರಶ್ನೆ ಕಡತವು ಯಾರ ವಶದಲ್ಲಿರುತ್ತದೆ ಎಂಬುದು. ಗೂಗಲ್ ಕೀಪ್‌ನ ಟಿಪ್ಪಣಿಗಳು ಕಂಪನಿಯ ಸರ್ವರಿನಲ್ಲಿದ್ದು, ಪ್ರತಿಯನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಾಗುತ್ತದೆ. ಅದೇ ಸಂಸ್ಥೆಯ ಗೂಗಲ್ ನೋಟ್‌ಬುಕ್ 2012ರಲ್ಲಿ ಮುಚ್ಚಿಹೋದದ್ದನ್ನು ಇಲ್ಲಿ ನೆನೆಯಬೇಕು. ಅಬ್ಸಿಡಿಯನ್ ಪ್ರತಿ ಟಿಪ್ಪಣಿಯನ್ನೂ ಬಳಕೆದಾರನ ಸಾಧನದಲ್ಲಿಯೇ ಮಾರ್ಕ್‌ಡೌನ್ ರೂಪದಲ್ಲಿ, ಎಂದರೆ ಶೀರ್ಷಿಕೆ, ಒತ್ತುಗಳನ್ನು ಸರಳ ಚಿಹ್ನೆಗಳಿಂದ ಸೂಚಿಸುವ ಬರಿಯ ಪಠ್ಯವಾಗಿ, ಇಡುತ್ತದೆ. ಜಾಪ್ಲಿನ್ ತನ್ನದೇ ದತ್ತಸಂಚಯದಲ್ಲಿಟ್ಟರೂ ಆ ರೂಪದಲ್ಲಿ ಹೊರತೆಗೆಯಲು ಅವಕಾಶ ಕೊಡುತ್ತದೆ.

ಆದ್ದರಿಂದ ಯಾವ ತಂತ್ರಾಂಶವನ್ನೇ ಆಗಲಿ ಒಪ್ಪಿಕೊಳ್ಳುವ ಮೊದಲು ಅದರಲ್ಲಿ ‘ಕ್ಷೇತ್ರ’, ‘ಜ್ಞಾನ’ದಂಥ ಪದಗಳಿರುವ ನಾಲ್ಕು ಟಿಪ್ಪಣಿಗಳನ್ನು ಬರೆದು, ಅವನ್ನು ಹೊರತೆಗೆದು, ಕಂಪ್ಯೂಟರಿನ ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದು ಹುಡುಕಿ ನೋಡಬೇಕು. ಈ ಪರೀಕ್ಷೆಯಲ್ಲಿ ಗೆದ್ದವುಗಳ ನಡುವೆ ಅಂದ, ವೇಗ, ಬೆಲೆಗಳನ್ನು ಹೋಲಿಸಿ ಆರಿಸಿಕೊಂಡರೆ, ಹೊಸ ಕಡತವೂ ಹಳೆಯ ಕಡತದಂತೆ ಓದಬಲ್ಲವರೆಲ್ಲರ ಕೈಗೆ ಎಟುಕುತ್ತದೆ.