ಹೈಸ್ಕೂಲಿನ ಫಲಿತಾಂಶವನ್ನು ಓದುವ ಬಗೆ

ಮಳೆಗಾಲ ಹತ್ತಿರವಾದಂತೆ ಸಂಘದ ಕಚೇರಿಗೆ ಬರುವ ಸದಸ್ಯರು ಮುಖ್ಯವಾಗಿ ಎರಡು ವಿಚಾರ ಕೇಳುತ್ತಾರೆ. ಬೋರ್ಡೋ ಸಿಂಪಡಣೆಗೆ ಮೈಲುತುತ್ತ ಬಂದಿದೆಯೇ ಎಂಬುದು ಒಂದು. ಮಕ್ಕಳ ವಿದ್ಯಾಭ್ಯಾಸಕ್ಕೆ ಸಾಲ ಸಿಕ್ಕೀತೇ ಎಂಬುದು ಇನ್ನೊಂದು.

2025ರ ಮೇ ತಿಂಗಳಲ್ಲಿ ಹೀಗೆಯೇ ಒಬ್ಬ ಸದಸ್ಯರು ಬಂದರು. ಎರಡು ಎಕರೆ ಅಡಿಕೆ, ಮೇಲಿನ ಗುಡ್ಡದಲ್ಲಿ ಸ್ವಲ್ಪ ರೊಬಸ್ಟಾ ಉಳ್ಳವರು. ಮಗಳು ಏಳನೇ ತರಗತಿ ಮುಗಿಸಿದ್ದಳು. ಅವರ ತಂಗಿಯ ಮನೆ ಬೆಂಗಳೂರಿನ ರಾಜಾಜಿನಗರದಲ್ಲಿ. ಅಲ್ಲಿಯ ಖಾಸಗಿ ಶಾಲೆಯೊಂದರ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ ನೂರು. ನಮ್ಮೂರ ಸರ್ಕಾರಿ ಹೈಸ್ಕೂಲಿನದು ಅಷ್ಟಿಲ್ಲ. "ಸಾಲ ಮಾಡಿಯಾದರೂ ಅಲ್ಲಿಗೇ ಸೇರಿಸೋಣ ಎಂದಿದ್ದೇನೆ. ತಾವು ಏನು ಹೇಳುತ್ತೀರಿ?" ಎಂದು ಕೇಳಿದರು.

ಕಾಫಿ ಮಂಡಳಿಯ ಕೆಲಸಕ್ಕೆ ಆ ವಾರ ಬೆಂಗಳೂರಿಗೆ ಹೋಗುವುದಿತ್ತು. ವಿಚಾರಿಸಿಕೊಂಡು ಬಂದು ಹೇಳುತ್ತೇವೆ ಎಂದೆವು.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಸುತ್ತ ಹೈಸ್ಕೂಲುಗಳಿಗೆ ಕೊರತೆಯಿಲ್ಲ. ಸರ್ಕಾರಿ, ಅನುದಾನಿತ, ಅನುದಾನರಹಿತ ಎಂಬ ಮೂರು ಬಗೆಯವೂ ಇವೆ. 1959ರಲ್ಲಿ ಆರಂಭವಾದ ರಾಜಾಜಿನಗರದ ನ್ಯಾಷನಲ್ ಪಬ್ಲಿಕ್ ಶಾಲೆಯಂಥವು ಸಿ.ಬಿ.ಎಸ್.ಇ. ಪಠ್ಯಕ್ರಮದವು, ಅವುಗಳ ಫಲಿತಾಂಶವನ್ನು ಎಸ್.ಎಸ್.ಎಲ್.ಸಿ.ಯ ಪಕ್ಕದಲ್ಲಿಟ್ಟು ಹೋಲಿಸುವಂತೆಯೇ ಇಲ್ಲ.

ನೂರಕ್ಕೆ ನೂರು ಬಂದ ಶಾಲೆಯಲ್ಲಿ ನಮ್ಮನ್ನು ಮರ್ಯಾದೆಯಿಂದಲೇ ಮಾತನಾಡಿಸಿದರು. ಎಂಟನೆಯ ತರಗತಿಗೆ ಹೊರಗಿನಿಂದ ಬರುವವರಿಗೆ ಪ್ರವೇಶ ಪರೀಕ್ಷೆಯುಂಟು. ಒಂಬತ್ತರಲ್ಲಿ ತೀರಾ ಹಿಂದುಳಿದವರ ಪೋಷಕರನ್ನು ಕರೆಸಿ, ಬೇರೆ ಕಡೆ ನೋಡಿಕೊಳ್ಳಿ ಎಂದು ತಿಳಿಸುವುದೂ ಉಂಟು ಎಂದರು. ಅಲ್ಲಿಂದ ಕೂಗಳತೆಯಲ್ಲಿದ್ದ ಸರ್ಕಾರಿ ಹೈಸ್ಕೂಲಿಗೆ ಹೋದೆವು. ಕೂಲಿ ಕೆಲಸಕ್ಕೆಂದು ದೂರದ ಜಿಲ್ಲೆಗಳಿಂದ ಬಂದವರ ಮಕ್ಕಳು ಅಲ್ಲಿ ಬಹಳ. "ಬೇರೆ ಕಡೆ ಎಂದರೆ ನಮ್ಮ ಶಾಲೆಯೇ ಸ್ವಾಮಿ. ವರ್ಷದ ನಡುವೆ ಟಿ.ಸಿ. ಹಿಡಿದು ಬಂದರೂ ನಾವು ಇಲ್ಲವೆನ್ನುವುದಿಲ್ಲ" ಎಂದು ಮುಖ್ಯೋಪಾಧ್ಯಾಯಿನಿಯವರು ಹೇಳಿದರು.

ಬೆಳೆಗಾರರಾದ ನಮಗೆ ಇದು ತಿಳಿಯದ ಲೆಕ್ಕವೇನಲ್ಲ. ಕರಿಬೀಜ, ಒಡಕು ಬೀಜ ಆರಿಸಿ ತೆಗೆದ ಕಾಫಿಯ ಚೀಲವನ್ನೂ ಕಣದಿಂದ ಹಾಗೆಯೇ ತುಂಬಿ ತಂದ ಚೀಲವನ್ನೂ ಅಕ್ಕಪಕ್ಕ ಇಟ್ಟು, ಯಾರ ತೋಟ ಮೇಲೆಂದು ನಾವು ತೀರ್ಮಾನಿಸುವುದಿಲ್ಲ. ಮಕ್ಕಳು ಬೀಜಗಳಲ್ಲ, ನಿಜ. ಲೆಕ್ಕದ ತಪ್ಪು ಮಾತ್ರ ಅದೇ.

ಒಂದು ಉದಾಹರಣೆ ನೋಡೋಣ. ಒಂದು ಶಾಲೆಯಲ್ಲಿ ಎಂಟನೆಯ ತರಗತಿಗೆ 40 ಮಕ್ಕಳು ಸೇರಿದರು. ಹತ್ತನೆಯ ಪರೀಕ್ಷೆಗೆ ಕುಳಿತವರು 30, ಎಲ್ಲರೂ ತೇರ್ಗಡೆ. ಫಲಿತಾಂಶ ಶೇ. 100. ಇನ್ನೊಂದರಲ್ಲಿ 60 ಮಕ್ಕಳು ಸೇರಿ, 60 ಮಂದಿಯೂ ಪರೀಕ್ಷೆಗೆ ಕುಳಿತು, 48 ಮಂದಿ ತೇರ್ಗಡೆಯಾದರು. ಫಲಿತಾಂಶ ಶೇ. 80. ಸೇರಿದವರ ಲೆಕ್ಕ ಹಿಡಿದರೆ ಮೊದಲನೆಯದು ದಡ ಮುಟ್ಟಿಸಿದ್ದು ನೂರಕ್ಕೆ 75 ಮಂದಿಯನ್ನು, ಎರಡನೆಯದು 80 ಮಂದಿಯನ್ನು. ಇದೇ ಕಾರಣಕ್ಕೆ ಇಂಗ್ಲೆಂಡಿನಲ್ಲಿ 2016ರಿಂದ 'ಪ್ರೋಗ್ರೆಸ್ 8' ಎಂಬ ಅಳತೆಯನ್ನು ತಂದರು. ಮಗು ಪ್ರಾಥಮಿಕ ಶಾಲೆ ಬಿಡುವಾಗ ಎಲ್ಲಿತ್ತು, ಅಲ್ಲಿಂದ ಎಷ್ಟು ಮುಂದೆ ಬಂತು ಎಂದು ನೋಡುವ ಕ್ರಮ ಅದು.

ಜಿಲ್ಲೆಗಳ ಪಟ್ಟಿಯನ್ನೂ ಇದೇ ಎಚ್ಚರದಿಂದ ಓದತಕ್ಕದ್ದು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89, ಚಿತ್ರದುರ್ಗ ಮೊದಲನೆಯದು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂತು. ಹೆಚ್ಚುವರಿ ಕೃಪಾಂಕ ಕೊಟ್ಟರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಚಿತ್ರದುರ್ಗ 21ನೇ ಸ್ಥಾನಕ್ಕೆ ಜಾರಿ, ಉಡುಪಿ ಶೇ. 94ರೊಂದಿಗೆ ಮೇಲೆ ಬಂತು. 2025ರಲ್ಲಿ ದಕ್ಷಿಣ ಕನ್ನಡ (ಶೇ. 91.12), ಉಡುಪಿ, ಉತ್ತರ ಕನ್ನಡ ಮೊದಲ ಮೂರು. ಈ ಎರಡೂ ವರ್ಷ ಬೆಂಗಳೂರಿನ ಉತ್ತರ, ದಕ್ಷಿಣ ಎರಡು ಶೈಕ್ಷಣಿಕ ಜಿಲ್ಲೆಗಳಲ್ಲಿ ಒಂದೂ ಮೊದಲ ಮೂರರಲ್ಲಿ ಇರಲಿಲ್ಲ. ಅಡಿಕೆ ಸೀಮೆ ಮುಂದಿದೆಯೆಂದು ನಾವು ಹಿಗ್ಗಬೇಕಾದ್ದೂ ಇಲ್ಲ. ಜಿಲ್ಲೆಯ ಸರಾಸರಿ ನಮ್ಮೂರ ಶಾಲೆಯ ಹಣೆಬರಹವನ್ನು ಹೇಳದು.

ಆದುದರಿಂದ ಶಾಲೆ ಆರಿಸುವ ಮುನ್ನ ಸದಸ್ಯರು ಈ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ವಿನಂತಿ:

1. ಮೂರು ವರ್ಷದ ಹಿಂದೆ ಎಂಟನೆಯ ತರಗತಿಗೆ ಸೇರಿದವರೆಷ್ಟು, ಹತ್ತನೆಯ ಪರೀಕ್ಷೆಗೆ ಕುಳಿತವರೆಷ್ಟು?

2. ಸೇರಿಸಿಕೊಳ್ಳುವಾಗ ಮಕ್ಕಳನ್ನು ಆರಿಸುತ್ತಾರೆಯೇ?

3. ಗಣಿತ, ವಿಜ್ಞಾನ, ಇಂಗ್ಲಿಷಿನಲ್ಲಿ ವಿಷಯವಾರು ಫಲಿತಾಂಶ ಏನು? ಒಂದು ವರ್ಷದ್ದು ಸಾಲದು, ಮೂರು ವರ್ಷದ್ದು ಬೇಕು.

4. ಎಲ್ಲ ವಿಷಯಕ್ಕೂ ಶಿಕ್ಷಕರಿದ್ದಾರೆಯೇ?

ಊರಿಗೆ ಬಂದು ಆ ಸದಸ್ಯರೊಂದಿಗೆ ನಮ್ಮೂರ ಹೈಸ್ಕೂಲಿಗೆ ಹೋಗಿ ಇವನ್ನೇ ಕೇಳಿದೆವು. ಸೇರಿದ ಮಕ್ಕಳು ಬಹುಪಾಲು ಕೊನೆಯವರೆಗೂ ಉಳಿದಿದ್ದರು. ಫೇಲಾದವರಲ್ಲಿ ಹೆಚ್ಚಿನವರು ಎಡವಿದ್ದು ಗಣಿತ ಒಂದರಲ್ಲಿ. ಗಣಿತದ ಹುದ್ದೆ ಖಾಲಿ ಬಿದ್ದು ವರ್ಷ ಕಳೆದಿತ್ತು. ನಮ್ಮ ಮಗ ಅದೇ ಶಾಲೆಯಲ್ಲಿ ಓದಿದವನು. ಅವನು ಹೊರಬಿದ್ದ ಮೇಲೆ ನಾವು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಶಾಲಾಭಿವೃದ್ಧಿ ಸಮಿತಿಯವರೂ ಹತ್ತಾರು ಪೋಷಕರೂ ಸೇರಿ ಶಿಕ್ಷಣ ಇಲಾಖೆಗೆ ಅರ್ಜಿ ಕೊಟ್ಟೆವು. ಮೂರು ಸಲ ಓಡಾಡಿದೆವು. ಜುಲೈ ಕೊನೆಗೆ ಅತಿಥಿ ಶಿಕ್ಷಕರೊಬ್ಬರು ಬಂದರು. ಸದಸ್ಯರ ಮಗಳು ಊರಲ್ಲೇ ಎಂಟನೆಯದು ಮುಗಿಸಿದಳು. ಈ ತೀರ್ಮಾನ ಸರಿಯೇ ಎಂಬುದು ಅವಳು ಹತ್ತನೆಯದು ಬರೆದ ಮೇಲಷ್ಟೇ ತಿಳಿದೀತು. ಪೇಟೆಗೆ ಮಕ್ಕಳನ್ನು ಕಳಿಸಲೇಬಾರದೆಂದು ನಾವು ಹೇಳುತ್ತಿಲ್ಲ. ಅತಿಥಿ ಶಿಕ್ಷಕರ ನೇಮಕ ಒಂದು ವರ್ಷದ್ದು. ಮತ್ತೆ ಅರ್ಜಿ ಕೊಡಬೇಕಾಗಿದೆ. ಮಕ್ಕಳು ಶಾಲೆಯಲ್ಲಿರಲಿ, ಇಲ್ಲದಿರಲಿ, ಸದಸ್ಯರು ಕಚೇರಿಗೆ ಬಂದು ರುಜು ಹಾಕಬೇಕಾಗಿ ಕೋರುತ್ತೇವೆ.