ಗೇರ್‌ಬಾಕ್ಸ್ ಇಳಿಸುವ ಮುನ್ನ ಗೇಜು ಎಳೆದು ನೋಡಿ!

"ಗೇರ್‌ಬಾಕ್ಸ್ ಹೋಗೇತ್ರಿ, ಇಳಿಸ್ಬೇಕು."

ಈ ಒಂದು ಮಾತಿಗೆ ದಾವಣಗೆರೆ ಮಂಡಿಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರ ಎದೆ ಧಸಕ್ಕೆಂದಿತು. ಯುಗಾದಿ ಸರಕಿಗೆಂದು ಎತ್ತಿಟ್ಟ ದುಡ್ಡೆಲ್ಲ ಸುರಿದರೂ ಸಾಲದಂಥ ಎಸ್ಟಿಮೇಟು. ಸಾಲ ಮಾಡಿ ರಿಪೇರಿಯೋ, ಗುಜರಿಗೆ ಗಾಡಿಯೋ?

ಅವರಿಗೆ ಕಾರು ಶೋಕಿಯಲ್ಲ. ಬಾಲ್ಯದಲ್ಲಿ ಪೋಲಿಯೋ ಬಡಿದು ಎಡಗಾಲು ಸೋತಿದೆ, ಕ್ಲಚ್ ತುಳಿಯಲಾಗದು. ಅದಕ್ಕೇ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಹಳೆಯ ಆಟೋಮ್ಯಾಟಿಕ್ ಕಾರು ಕೊಂಡಿದ್ದರು. "ಈ ಗಾಡಿ ಬಂದ್ಮ್ಯಾಲೆ ಹರಿಹರಕ್ಕೆ ಹೋಗಾಕ ಯಾರ ಕಾಲೂ ಹಿಡೀಬೇಕಾಗಿಲ್ರಿ" ಎಂದು ಹೇಳಿಕೊಂಡು ತಿರುಗುತ್ತಿದ್ದ ಮನುಷ್ಯ, ಈಗ ಗಲ್ಲದ ಮೇಲೆ ಕೈಯಿಟ್ಟು ಗಲ್ಲಾದಲ್ಲಿ ಕೂತಿದ್ದರು.

ದೂರು ಇಷ್ಟೇ: ಮುಂಜಾನೆ ಸ್ಟಾರ್ಟ್ ಮಾಡಿ 'ಡಿ'ಗೆ ಹಾಕಿದರೆ ಗಾಡಿ ಕದಲದು. ನಾಲ್ಕೈದು ಸೆಕೆಂಡು ಯೋಚನೆ ಮಾಡಿ ಧಡ್ಡೆಂದು ನೆಗೆಯುವುದು. ತಿರುವಿನಲ್ಲಿ ಇಂಜಿನ್ ಕೂಗುತ್ತದೆ, ಚಕ್ರ ಎಳೆಯದು. ನೋಡಿದ ವರ್ಕ್‌ಶಾಪಿನವರು ಬಾನೆಟ್ಟೂ ಎತ್ತಲಿಲ್ಲ. ಒಂದು ರೌಂಡು ಹೊಡೆದರು, ತೀರ್ಪು ಕೊಟ್ಟರು.

ಇನ್ನೊಬ್ಬರಿಗೂ ತೋರಿಸೋಣ ಎಂದು ನಾನೇ ಅವರನ್ನು ಹಳೇ ಪಿ.ಬಿ. ರಸ್ತೆಯ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಕರೆದೊಯ್ದೆ. ಆತ ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಪ್ರಶ್ನೆ ಕೇಳಿದರು. ತಣ್ಣಗಿದ್ದಾಗ ಹಿಂಗಾಗ್ತದೋ, ಬಿಸಿಯಾದ ಮೇಲೋ? ಎಲ್ಲ ಗೇರಿಗೂ ಹಿಂಗೋ, ಒಂದಕ್ಕೋ? ಈಚೆಗೆ ಏನಾದರೂ ಕೆಲಸ ಮಾಡಿಸಿದ್ರಾ?

"ರೇಡಿಯೇಟರ್ ಬಿಚ್ಚಿ ತೊಳೆಸಿದ್ದೆ, ಎರಡು ತಿಂಗಳಾತು" ಎಂದರು ವ್ಯಾಪಾರಿ.

"ಹೌದಾ" ಎಂದವರೇ ಮೆಕ್ಯಾನಿಕ್ ಮೀಸೆಯಲ್ಲೇ ನಕ್ಕರು.

ಎಣ್ಣೆಯೇ ಜೀವ

ಈ ಜಾತಿಯ ಆಟೋಮ್ಯಾಟಿಕ್ಕಿನಲ್ಲಿ ಎಣ್ಣೆ ಬರೀ ಸವೆತ ತಪ್ಪಿಸುವುದಕ್ಕಲ್ಲ. ಇಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದು ಎಣ್ಣೆ. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಎಣ್ಣೆ. ಅಮೆರಿಕದಲ್ಲಿ ೧೯೪೦ರ ಮಾಡಲ್ ಓಲ್ಡ್ಸ್‌ಮೊಬೈಲಿಗೆ ಹೈಡ್ರಾ-ಮ್ಯಾಟಿಕ್ ಬಂದ ಕಾಲದಿಂದಲೂ ಇದೇ ಸೂತ್ರ. ಎಣ್ಣೆ ಇಳಿದರೆ ಪಂಪು ಗಾಳಿ ಕುಡಿಯುತ್ತದೆ, ಒತ್ತಡ ಬೀಳುತ್ತದೆ, ಪ್ಲೇಟು ಜಾರುತ್ತದೆ. ತಿರುವಿನಲ್ಲಂತೂ ಇದ್ದ ಎಣ್ಣೆಯೂ ಒಂದು ಮೂಲೆಗೆ ಸರಿಯುತ್ತದೆ. ಹೆಚ್ಚು ಸುರಿದರೂ ಕಷ್ಟವೇ: ನೊರೆ ಎದ್ದು ಮತ್ತದೇ ಜಾರಾಟ.

ನೋಡುವುದಕ್ಕೂ ಕ್ರಮವಿದೆ. ಗಾಡಿ ಓಡಿಸಿ ಬಿಸಿ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕಿನ ಮೇಲಿಟ್ಟು, ಲಿವರನ್ನು ಒಂದೊಂದು ಗೇರಿನಲ್ಲೂ ಕ್ಷಣ ನಿಲ್ಲಿಸಿ 'ಪಿ'ಗೆ ತನ್ನಿ. ಸಾಮಾನ್ಯವಾಗಿ ಇಂಜಿನ್ ಓಡುತ್ತಿರುವಾಗಲೇ ಗೇಜು ಎಳೆಯಬೇಕು. ಕೆಲವು ಕಂಪನಿಗಳ ರೀತಿ ಬೇರೆ, ಗಾಡಿಯ ಪುಸ್ತಕ ನೋಡಿ. ಒರೆಸುವ ಬಟ್ಟೆ ನೂಲು ಬಿಡಬಾರದು. ಒಂದೆಳೆ ಒಳಗೆ ಹೋದರೂ ವಾಲ್ವಿಗೆ ತೊಂದರೆ.

ಬಣ್ಣ ನೋಡಿ, ಮೂಸಿ ನೋಡಿ. ಮಾಮೂಲಿ ಎಣ್ಣೆ ಕೆಂಪಗಿರುತ್ತದೆ. ಸ್ವಲ್ಪ ಕಂದಾದರೆ ವಯಸ್ಸು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಸುಟ್ಟಿದೆ ಎಂಬ ಅನುಮಾನ. ಸ್ಟ್ರಾಬೆರಿ ಮಿಲ್ಕ್‌ಶೇಕಿನಂತೆ ಕಂಡರೆ ರೇಡಿಯೇಟರ್ ನೀರು ಸೇರಿದೆ; ಗಾಡಿ ಅಲ್ಲೇ ನಿಲ್ಲಿಸಿ.

ನಮ್ಮ ವ್ಯಾಪಾರಿಯ ಗೇಜಿನ ತುದಿಯಲ್ಲಿ ಒಂದು ಹನಿ ಇತ್ತು, ಅಷ್ಟೇ. ಆದರೆ ಕೆಂಪು ಹನಿ, ಸುಟ್ಟ ವಾಸನೆ ಇಲ್ಲ.

ಆಮೇಲೆ ಕೆಳಗೊಂದು ರಟ್ಟು ಹಾಸಿ ಅರ್ಧ ಗಂಟೆ ಬಿಟ್ಟರು. ಎದ್ದು ನೋಡಿದರೆ ರೇಡಿಯೇಟರ್ ಕೆಳಗೆ ಕೆಂಪು ಚುಕ್ಕೆ! ಗೇರಿನ ಎಣ್ಣೆ ತಣ್ಣಗಾಗಲು ಅಲ್ಲಿಗೇ ಹೋಗಿ ಬರುತ್ತದೆ. ತೊಳೆದವರು ಆ ಪೈಪಿನ ಕ್ಲಿಪ್ಪು ಬಿಗಿಮಾಡಿರಲಿಲ್ಲ.

ಹೊಸ ಕ್ಲಿಪ್ಪು, ಕಂಪನಿ ಹೇಳಿದ ನಮೂನೆಯ ಎಣ್ಣೆ. ಸಂಜೆಗೆ ಗಾಡಿ ಮಂಡಿಪೇಟೆಯಲ್ಲಿತ್ತು. ಯುಗಾದಿ ಬೆಲ್ಲ ಅಂಗಡಿಗೆ ಬಂತು.

ಇನ್ನೂ ಏನೇನು?

ಎಣ್ಣೆ ಸರಿಯಿದ್ದರೆ ಮುಂದಿನದು ನೋಡಬೇಕು ಎನ್ನುತ್ತಾರೆ ಮೆಕ್ಯಾನಿಕ್. ಇಂಜಿನ್ನೇ ಮಿಸ್ ಹೊಡೆಯುತ್ತಿದ್ದರೆ ಗೇರು ಜಗ್ಗಿದಂತೆ ಕಾಣುತ್ತದೆ. ಲಿವರಿನ ಕೇಬಲ್ ಸಡಿಲವಾದರೆ ಮೇಲೆ 'ಡಿ', ಒಳಗೆ ಇನ್ನೇನೋ. 'ಪಿ'ಯಿಂದ ಲಿವರ್ ಅಲುಗದಿದ್ದರೆ ಬ್ರೇಕ್ ಲೈಟ್ ಹತ್ತುತ್ತದೋ ನೋಡಿ. ಬಹಳ ಗಾಡಿಗಳಲ್ಲಿ ಬ್ರೇಕ್ ಸ್ವಿಚ್ಚು ಕೆಟ್ಟರೆ ಲಿವರಿಗೆ ಬೀಗ. ಬ್ಯಾಟರಿ ಸೋತರೆ, ಅರ್ತ್ ವೈರು ತುಕ್ಕು ಹಿಡಿದರೆ, ಗೇರಿನ ಕಂಪ್ಯೂಟರ್ ದಿಕ್ಕು ತಪ್ಪಿ ಗಾಡಿಯನ್ನು ಒಂದೇ ಗೇರಿನಲ್ಲಿ ಹಿಡಿದಿಡಬಹುದು. ಸ್ಕ್ಯಾನರ್ ಹಚ್ಚಿಸಿ, ಕೋಡು ಅಳಿಸುವ ಮುಂಚೆ ಬರೆದುಕೊಳ್ಳಿ. ಕೋಡು ಬರೀ ಓಣಿಯ ಹೆಸರು ಹೇಳುತ್ತದೆ, ಮನೆ ಹುಡುಕುವುದು ಮೆಕ್ಯಾನಿಕ್ಕಿನ ಕೆಲಸ.

ನಿಮ್ಮದು ಯಾವ ಜಾತಿ ಎಂಬುದೂ ತಿಳಿದಿರಲಿ. ೨೦೧೪ರಲ್ಲಿ ಸೆಲೆರಿಯೋ ಜೊತೆ ಬಂದ ಎ.ಎಂ.ಟಿ.ಯಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ತುಳಿಯುವ ಕೆಲಸ ಮಾತ್ರ ಯಂತ್ರದ್ದು. ಅಲ್ಲಿ ಈ ಕೆಂಪೆಣ್ಣೆಯ ಲೆಕ್ಕ ನಡೆಯದು. ಸಿ.ವಿ.ಟಿ.ಗೆ ಬೇರೆಯೇ ಎಣ್ಣೆ. ಹೊಸ ಗಾಡಿ ಅನೇಕಕ್ಕೆ ಗೇಜೇ ಇಲ್ಲ. ಲಿಫ್ಟಿನ ಮೇಲೆ, ಹೇಳಿದ ಬಿಸಿಯಲ್ಲಿ ಬೋಲ್ಟು ಬಿಚ್ಚಿ ನೋಡಬೇಕು. ಕೆಟ್ಟು ನಿಂತ ಆಟೋಮ್ಯಾಟಿಕ್ಕನ್ನು ಹಗ್ಗ ಕಟ್ಟಿ ಎಳೆಯಬೇಡಿ: ಇಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಎಣ್ಣೆಯಿಲ್ಲದೆ ಒಳಗಿನದು ಸವೆಯುತ್ತದೆ.

ಎಲ್ಲರ ಗಾಡಿಯೂ ಒಂದು ಕ್ಲಿಪ್ಪಿಗೆ ರಿಪೇರಿಯಾಗುತ್ತದೆ ಎಂದು ನಾನು ಬರೆಯುತ್ತಿಲ್ಲ. ಎಣ್ಣೆ ಸುಟ್ಟಿದ್ದು, ಅದರಲ್ಲಿ ಲೋಹದ ಚೂರು ಮಿನುಗಿದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಆಗ ಇಳಿಸಿ ಎಂದವನು ಮೋಸಗಾರನಲ್ಲ. ಗೇಜು ಎಳೆಯದೆ ಇಳಿಸಿ ಎಂದವನ ಮುಂದೆ ಮಾತ್ರ ಒಂದು ಪ್ರಶ್ನೆ ಇಡಿ:

"ಎಣ್ಣೆ ನೋಡಿದ್ರಾ ಸ್ವಾಮಿ?"